ಗೂಡು ಕಟ್ಟಿದ ಮೂವತ್ತು ಗಂಟೆ

ಕಾಮಾಕ್ಷಿಪಾಳ್ಯದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಹಿಂಗೋಡೆಗೆ ಅಂಟಿಕೊಂಡಂತಿದ್ದ ಶ್ಯಾಮಸುಂದರನ ಮನೆಯಲ್ಲಿ ಆ ವರ್ಷ, ಅಂದರೆ ಎರಡು ಸಾವಿರದ ಎಂಟರಲ್ಲಿ, ಎರಡು ಒಲೆ ಉರಿಯುತ್ತಿದ್ದವು. ಒಳಗೆ ಅಡುಗೆಮನೆಯಲ್ಲಿ ಹೆಂಡತಿ ಶಶಿಕಲಾಳ ಗ್ಯಾಸು. ಹಿತ್ತಿಲ ಕಡೆ ಶೀಟು ಹೊದಿಸಿದ ಜಾಗದಲ್ಲಿ ತಾಯಿ ವೆಂಕಟಲಕ್ಷ್ಮಮ್ಮನ ಸೀಮೆಎಣ್ಣೆ ಸ್ಟೌ.

ಸಂಕ್ರಾಂತಿ ಕಳೆದ ವಾರ ಮುದ್ದೆಯ ವಿಷಯಕ್ಕೆ ಮಾತು ಬೆಳೆದಿತ್ತು. ಮುದ್ದೆ ಮೆತ್ತಗಾಗಿದೆ ಎಂದು ಅತ್ತೆ ಅಂದಿದ್ದಳು. ದಿನಾ ಇದೇ ಆಯ್ತು, ಹಂಗಾದ್ರೆ ನೀವೇ ಮಾಡ್ಕೊಳ್ಳಿ ಎಂದು ಸೊಸೆ ಅಂದಿದ್ದಳು. ಮಾರನೆಯ ದಿನ ಬೆಳಿಗ್ಗೆ ಎಪ್ಪತ್ತೆರಡು ವರ್ಷದ ಮುದುಕಿ ತಾನೇ ಹೋಗಿ ಸ್ಟೌ ಕೊಂಡು, ಬಗಲಲ್ಲಿ ಹೊತ್ತುಕೊಂಡು ಬಂದಿದ್ದಳು. ಅಂದಿನಿಂದ ಎರಡು ಸಾರು, ಎರಡು ಪಾತ್ರೆ, ಎರಡು ಹೊತ್ತಿನಲ್ಲಿ ಊಟ. ಶ್ಯಾಮಸುಂದರ ಇಬ್ಬರ ಅಡುಗೆಯಲ್ಲೂ ಸ್ವಲ್ಪ ಸ್ವಲ್ಪ ತಿಂದು ಸ್ಟುಡಿಯೋಗೆ ಹೋಗಿಬಿಡುತ್ತಿದ್ದ.

ಮಾಗಡಿ ರಸ್ತೆಯಲ್ಲಿ ಅವನದೊಂದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆದು ಇಪ್ಪತ್ತು ವರ್ಷವಾಗಿತ್ತು. ಶಶಿಕಲಾ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಒಬ್ಬಳೇ ಮಗಳು ಉಮಾಶ್ರೀ ಬಿ.ಎಸ್ಸಿ. ಕೊನೆಯ ವರ್ಷ. ಫೆಬ್ರುವರಿಯಲ್ಲಿ ಅವಳಿಗೆ ಕಾಲೇಜಿನಲ್ಲಿ ರೇಷ್ಮೆಹುಳದ ಮೇಲೆ ಸೆಮಿನಾರು ಕೊಟ್ಟರು. ಅದೇ ವಾರ ಅವಳು ಬಸವೇಶ್ವರನಗರದ ಸೈಬರ್ ಸೆಂಟರಿನಲ್ಲಿ ಯಾರೋ ನೆಟ್ಟಿಗೆ ಹಾಕಿದ್ದ ಒಂದು ವಿಡಿಯೋ ನೋಡಿದಳು. ಹುರುಳಿಕಾಯಿ ಬೀಜವೊಂದು ಮಣ್ಣು ಸೀಳಿಕೊಂಡು ಎದ್ದು, ಎರಡು ಎಲೆ ಬಿಚ್ಚಿ ನಿಂತಿತ್ತು. ಇಪ್ಪತ್ತು ಸೆಕೆಂಡಿನಲ್ಲಿ.

ಆ ದಿನ ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಸರಿಯಾಗಿ ಬಿಡಲಿಲ್ಲ.

"ಅಪ್ಪ, ರೇಷ್ಮೆಹುಳ ಗೂಡು ಕಟ್ಟೋದನ್ನ ನಾನು ಹಂಗೆ ತೆಗೀಬೇಕು. ಎರಡು ದಿನ ಆಗೋ ಕೆಲಸ ಒಂದು ನಿಮಿಷದಲ್ಲಿ ಕಾಣ್ಬೇಕು. ನೆಟ್ಟಿಗೆ ಹಾಕ್ತೀನಿ."

ಶ್ಯಾಮಸುಂದರ ಅನ್ನ ಕಲಸುತ್ತಿದ್ದ. "ಅದೇನು ದೊಡ್ಡ ಕೆಲಸ? ವಿಡಿಯೋ ತೆಗಿ, ಫಾಸ್ಟ್ ಫಾರ್ವರ್ಡ್ ಮಾಡು."

"ಟೇಪು ಒಂದೇ ಗಂಟೆ ಬರೋದು ಅಪ್ಪ. ಎರಡು ದಿನಕ್ಕೆ ನಲವತ್ತೆಂಟು ಟೇಪ್ ಬೇಕು. ಪ್ರತಿ ಸಲ ಬದಲಾಯಿಸುವಾಗ ಕ್ಯಾಮೆರಾ ಅಲ್ಲಾಡುತ್ತೆ."

"ಮತ್ತೆ? ನನ್ನ ಕ್ಯಾಮೆರಾನ ಎರಡು ದಿನ ಬಿಡದೆ ಓಡಿಸಿದ್ರೆ ಹೆಡ್ಡು ಸವೆದು ಹೋಗುತ್ತೆ. ಮದುವೆ ಸೀಸನ್ನು. ಅದನ್ನಂತೂ ಕೇಳ್ಬೇಡ."

"ಕಂಪ್ಯೂಟರಿಗೆ ವೆಬ್‌ಕ್ಯಾಮ್ ಹಾಕಿ ಇಟ್ರೆ ಅದೇ ಹತ್ತು ಸೆಕೆಂಡಿಗೊಂದು ಫೋಟೋ ತೆಗೀತಾ ಇರುತ್ತೆ. ಫೋಟೋಗಳನ್ನ ಜೋಡಿಸಿದ್ರೆ ವಿಡಿಯೋ."

"ಹುಳ ಎಲ್ಲಿಂದ ತರ್ತೀಯಾ?" ಎಂದಳು ಶಶಿಕಲಾ, ಮಿಷನ್ನಿನ ಮುಂದೆ ಕೂತಲ್ಲಿಂದಲೇ. "ಮನೆಯೊಳಗೆ ಹುಳ ಗಿಳ ಬೇಡ."

ಹಿತ್ತಿಲಿಂದ ವೆಂಕಟಲಕ್ಷ್ಮಮ್ಮನ ದನಿ ಬಂತು. "ನಾನು ತಂದ್ಕೊಡ್ತೀನಿ ಕಣವ್ವ. ನಲವತ್ತು ವರ್ಷ ಸಾಕಿವ್ನಿ."

ಮಾತು ಉಮಾಶ್ರೀಗೆ ಹೇಳಿದ್ದಾದರೂ ಯಾರಿಗೆ ತಾಗಬೇಕೋ ಅವರಿಗೆ ತಾಗಿತು. ಶಶಿಕಲಾ ಮಿಷನ್ನನ್ನು ಜೋರಾಗಿ ತುಳಿದಳು.

ಅಜ್ಜಿಯೂ ಮೊಮ್ಮಗಳೂ ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ತಾವರೆಕೆರೆಯ ಆಚೆ, ಅಜ್ಜಿಯ ಅಣ್ಣನ ಮಗಳು ಹನುಮಕ್ಕನ ಊರಿಗೆ ಹೋದರು. ಹನುಮಕ್ಕನ ಮನೆಯ ತುಂಬ ತಟ್ಟೆಗಳು, ತಟ್ಟೆಗಳ ತುಂಬ ಬೆರಳುದ್ದದ ಬಿಳಿ ಹುಳಗಳು. ಸೊಪ್ಪು ಹಾಕಿದ ಕೂಡಲೇ ಇಡೀ ಕೋಣೆಯಲ್ಲಿ ಸಣ್ಣ ಮಳೆ ಹಿಡಿದ ಹಾಗೆ ಸದ್ದು. ಉಮಾಶ್ರೀ ಬಾಗಿಲಲ್ಲೇ ನಿಂತುಬಿಟ್ಟಳು.

"ಇದು ತಿನ್ನೋ ಸದ್ದಾ ಅಜ್ಜಿ?"

"ಹೂಂ ಕಣವ್ವ. ನಾಲ್ಕನೇ ಜ್ವರ ಬಿಟ್ಟ ಮೇಲೆ ಇವುಕ್ಕೆ ಹೊಟ್ಟೆ ಅಂಬೋದೇ ಇಲ್ಲ." ಹುಳ ನಾಲ್ಕು ಸಲ ತಿನ್ನುವುದನ್ನು ನಿಲ್ಲಿಸಿ, ನಿದ್ದೆ ಹೋದಂತೆ ಬಿದ್ದಿದ್ದು ಪೊರೆ ಬಿಡುತ್ತದೆ. ಊರಿನಲ್ಲಿ ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದರೆ ಒಂದು ವಾರ ಒಂದೇ ಸಮ ತಿಂದು ಗೂಡಿಗೆ ಹೊರಡುತ್ತದೆ.

ಹತ್ತು ಹುಳ, ಒದ್ದೆ ಗೋಣಿಯಲ್ಲಿ ಸುತ್ತಿದ ಸೊಪ್ಪು, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಯಿಂದ ಮುರಿದುಕೊಂಡ ಒಂದು ಗೇಣು ತುಂಡು: ಇಷ್ಟು ಹಿಡಿದು ಅವರು ವಾಪಸು ಬಂದರು. ಶಶಿಕಲಾ ನೋಡಿ ಮೂಗು ಮುರಿದಳು. ಆದರೆ ಮಗಳ ಓದಿನ ವಿಷಯವೆಂದು ಬಟ್ಟೆ ಇಡುವ ಕಪಾಟಿನ ಪಕ್ಕ ಜಾಗ ಮಾಡಿಕೊಟ್ಟಳು.

ಎರಡು ದಿನ ವೆಬ್‌ಕ್ಯಾಮ್ ಓಡಿತು. ಗೂಡಿಗೆ ಇನ್ನೂ ಹೊತ್ತಿದ್ದರಿಂದ ಉಮಾಶ್ರೀ ಸುಮ್ಮನೆ ಹುಳ ಸೊಪ್ಪು ತಿನ್ನುವುದನ್ನು ಹಿಡಿದಳು. ಎರಡು ಸಲ ಕರೆಂಟು ಹೋಯಿತು, ಎರಡು ಸಲವೂ ಕಂಪ್ಯೂಟರ್ ಆರಿತು. ಉಳಿದದ್ದರಲ್ಲಿ ಒಂದೇ ಎಲೆಯದನ್ನು ಆರಿಸಿ ಜೋಡಿಸಿದಾಗ ಎಂಟು ಸೆಕೆಂಡಿನ ತುಣುಕೊಂದು ಸಿಕ್ಕಿತು. ಮಸುಕಾಗಿತ್ತು. ಶ್ಯಾಮಸುಂದರ ಸ್ಟುಡಿಯೋಗೆ ಹೊರಟವನು ಹೆಲ್ಮೆಟ್ ಕೈಯಲ್ಲಿ ಹಿಡಿದೇ ನೋಡಿದ. ಹಸಿರು ಎಲೆಯ ಅಂಚು ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ, ಗರಗಸ ಆಡಿದಂತೆ ಕರಗುತ್ತ ಹೋಗಿ ಕೊನೆಗೆ ನರವೊಂದೇ ನಿಂತಿತು.

"ಇನ್ನೊಂದ್ಸಲ ಹಾಕು" ಎಂದ.

ಆರು ಸಲ ನೋಡಿದ. ಹೆಲ್ಮೆಟ್ ಹಾಕಿಕೊಂಡು ಹೊರಟ.

ಬುಧವಾರ ಬೆಳಿಗ್ಗೆ ಉಮಾಶ್ರೀ ಎದ್ದು ತಟ್ಟೆಯ ಮುಚ್ಚಳ ತೆಗೆದಾಗ ಹತ್ತೂ ಹುಳಗಳು ತಲೆ ಹಿಂದಕ್ಕೆ ವಾಲಿಸಿ, ಬಾಯಲ್ಲಿ ಹಸಿರು ನೀರು ಬಿಟ್ಟುಕೊಂಡು ಬಿದ್ದಿದ್ದವು. ಅಜ್ಜಿ ಬಂದು ಮೂಸಿ ನೋಡಿದಳು. ಅವಳಿಗೆ ಕಣ್ಣು ಮಂಜು, ಒಂದಕ್ಕೆ ಆಪರೇಷನ್ನೂ ಆಗಿತ್ತು. ಆದರೆ ಮೂಗು ಚುರುಕು.

"ಸೊಳ್ಳೆಬತ್ತಿ ಹಚ್ಚಿದ್ದು ಯಾರು?"

"ನಾನು" ಎಂದಳು ಶಶಿಕಲಾ. "ಯಾಕೆ?"

"ಬೇಕೂಂತ್ಲೇ ಹಚ್ಚಿದ್ಯಾ?"

"ಅಯ್ಯೋ! ಸೊಳ್ಳೆ ಜಾಸ್ತಿಯಾದಾಗೆಲ್ಲ ಹಚ್ತೀನಲ್ಲ ಅತ್ತೆ. ನಿನ್ನೆ ರಾತ್ರಿ ಇದ್ವು, ಹಚ್ಚಿದೆ. ಹುಳಕ್ಕೆ ಆಗಲ್ಲ ಅಂತ ನಂಗೇನು ಗೊತ್ತು? ನೀವು ಹೇಳಿದ್ರಾ?"

"ನೀನು ನನ್ ಹತ್ರ ಮಾತಾಡಿದ್ದಾದ್ರೂ ಯಾವಾಗ, ನಾನು ಹೇಳಕ್ಕೆ?"

"ನೀವು ಸ್ಟೌ ಹೊತ್ಕೊಂಡು ಹಿತ್ತಿಲಿಗೆ ಹೋದ್ರಿ. ನಾನು ಹೋಗು ಅಂದ್ನಾ?"

"ಅಮ್ಮ, ಅಜ್ಜಿ, ಸಾಕು" ಎಂದು ಉಮಾಶ್ರೀ ಅಳುವ ದನಿಯಲ್ಲಿ ಅಂದಳು. "ಸತ್ತೋಗಿವೆ. ಈಗ ಕಿತ್ತಾಡಿ ಏನು ಮಾಡ್ತೀರಾ?" ಅವಳು ಹುಳಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಗೆ ಹೋದಳು. ಆ ದಿನ ಕಾಲೇಜಿಗೆ ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಶಶಿಕಲಾ ಸಂಜೆಯವರೆಗೂ ಮಿಷನ್ ತುಳಿದಳು. ಎರಡು ಸಲ ಸೂಜಿ ಮುರಿಯಿತು. ಗುರುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಸೆರಗು ಸರಿಮಾಡಿಕೊಂಡು, ಬ್ಯಾಗು ಹಿಡಿದು, ಹಿತ್ತಿಲ ಬಾಗಿಲಿಗೆ ಬಂದು ನಿಂತಳು.

"ಅತ್ತೆ, ಹನುಮಕ್ಕನ ಮನೆಗೆ ಯಾವ ಸ್ಟಾಪಲ್ಲಿ ಇಳೀಬೇಕು?"

ವೆಂಕಟಲಕ್ಷ್ಮಮ್ಮ ಅವರೆಕಾಳು ಹಿಸುಕುತ್ತಿದ್ದವಳು ತಲೆಯೆತ್ತಿದಳು. ಸ್ವಲ್ಪ ಹೊತ್ತು ಸೊಸೆಯನ್ನೇ ನೋಡಿದಳು.

"ತಾವರೆಕೆರೆ ದಾಟಿ ಮೂರನೇ ಸ್ಟಾಪು. ಅರಳಿಕಟ್ಟೆ ಅದೆ. ಹಣ್ಣಾಗಕ್ಕೆ ಬಂದಿರೋ, ಇನ್ನೇನು ಗೂಡು ಕಟ್ಟೋ ಹುಳ ಕೊಡು ಅನ್ನು. ಕೈಗೆ ಪೌಡ್ರು ಗಿವ್ಡ್ರು ಹಾಕ್ಕಂಡಿದ್ರೆ ತೊಳ್ಕಂಡು ಮುಟ್ಟು."

ಶಶಿಕಲಾ ಮಧ್ಯಾಹ್ನ ಎರಡು ಗಂಟೆಗೆ ವಾಪಸು ಬಂದಳು. ಮಡಿಲಲ್ಲಿ ಮಗುವನ್ನು ಇಟ್ಟುಕೊಂಡವಳ ಹಾಗೆ ಬಸ್ಸಿನಲ್ಲಿ ಒಂದು ಗಂಟೆ ಬುಟ್ಟಿ ಹಿಡಿದು ಕೂತಿದ್ದಳಂತೆ. ಬಂದವಳೇ ಮನೆಯಲ್ಲಿದ್ದ ಸೊಳ್ಳೆಬತ್ತಿಯ ಪೊಟ್ಟಣವನ್ನು ಎದುರು ಮನೆಯ ಅಕ್ಕಯ್ಯಮ್ಮನಿಗೆ ಕೊಟ್ಟುಬಿಟ್ಟಳು. ಅಟ್ಟದ ಮೇಲಿಂದ ಹಳೆಯ ಸೊಳ್ಳೆಪರದೆ ಇಳಿಸಿ, ಹರಿದ ಕಡೆ ತೇಪೆ ಹಾಕಿದಳು.

ಸಂಜೆ ಶ್ಯಾಮಸುಂದರ ಬಂದಾಗ ಅವನ ಸ್ಕೂಟರಿನ ಮುಂದೆ ಟ್ರೈಪಾಡ್ ಇತ್ತು, ಹಿಂದೆ ಸ್ಟುಡಿಯೋದ ಇನ್ವರ್ಟರನ್ನು ಹಗ್ಗದಲ್ಲಿ ಕಟ್ಟಿತ್ತು.

"ನಿನ್ನ ವೆಬ್‌ಕ್ಯಾಮಲ್ಲಿ ಆಗಲ್ಲ ಕಣೇ" ಎಂದ ಮಗಳಿಗೆ. "ಎಲೆ ಏನೋ ಕಾಣ್ತು. ನೂಲು ಕಾಣಲ್ಲ. ಕೂದಲಿಗಿಂತ ತೆಳ್ಳಗಿರುತ್ತೆ ಅದು. ಟೇಪಲ್ಲೂ ಆಗಲ್ಲ. ನಿನ್ನೆ ನಾನು ಸ್ಟುಡಿಯೋದಲ್ಲಿ ದಾರದ ಎಳೆ ಇಟ್ಟು ನೋಡ್ದೆ."

"ಮತ್ತೆ?"

ಅವನು ಬ್ಯಾಗಿನಿಂದ ಡಿಜಿಟಲ್ ಕ್ಯಾಮೆರಾ ತೆಗೆದ. ಹಿಂದಿನ ದೀಪಾವಳಿಯಲ್ಲಿ ಕೊಂಡದ್ದು. ಮದುವೆ ಮನೆಯಲ್ಲಿ ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. "ಎರಡು ನಿಮಿಷಕ್ಕೊಂದು ಸ್ಟಿಲ್. ಇದಕ್ಕೆ ತಾನಾಗೇ ತೆಗೆಯೋಕೆ ಬರಲ್ಲ. ನಾವೇ ಒತ್ಬೇಕು. ಬೆರಳು ತಾಗಿದ್ರೆ ಅಲ್ಲಾಡುತ್ತೆ, ಅದಕ್ಕೆ ಸೆಲ್ಫ್ ಟೈಮರ್ ಹಾಕೋಣ. ಒತ್ತಿ ಕೈ ತೆಗೆದ್ರೆ, ಎರಡು ಸೆಕೆಂಡು ಬಿಟ್ಟು ತೆಗೆಯುತ್ತೆ. ಮೂವತ್ತು ಗಂಟೆ ತೆಗೆದ್ರೆ ಒಂಬೈನೂರು ಫೋಟೋ."

"ಮೂವತ್ತು ಗಂಟೆ ಯಾರು ಒತ್ತೋದು ರೀ?" ಎಂದಳು ಶಶಿಕಲಾ.

"ಎಲ್ಲರೂ."

"ಅಪ್ಪ, ಭಾನುವಾರ ವಿಜಯನಗರದಲ್ಲಿ ನಾಮಕರಣ ಇದೆ ಅಂದ್ರಲ್ಲ? ಈ ಕ್ಯಾಮೆರಾ ಬೇಕಲ್ವಾ?"

"ಹಳೇ ರೋಲ್ ಕ್ಯಾಮೆರಾ ಇದೆಯಲ್ಲ. ಅದನ್ನ ತಗೊಂಡು ಹೋಗ್ತೀನಿ."

"ನಗ್ತಾರೆ."

"ನಗಲಿ ಬಿಡು. ಮಗೂಗೇನು ಗೊತ್ತಾಗಲ್ಲ."

ಶುಕ್ರವಾರ ಇಡೀ ಅವನು ಸ್ಟುಡಿಯೋ ತೆರೆಯಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿದ. ಹಗಲು ಬೆಳಕು ಬಂದರೆ ಒಂದೊಂದು ಫೋಟೋ ಒಂದೊಂದು ಬಣ್ಣವಾಗುತ್ತದೆ, ಅದಕ್ಕೆ. ಚಂದ್ರಿಕೆಯ ತುಂಡಿನ ಹಿಂದೆ ಶಶಿಕಲಾಳ ಬಳಿ ಬ್ಲೌಸಿಗೆಂದು ಇದ್ದ ಕಪ್ಪು ವೆಲ್ವೆಟ್ ಬಟ್ಟೆ ಹರಡಿದ. ಬಲ್ಬನ್ನು ಮುಂದಿನಿಂದ ಇಡದೆ, ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ ಇಟ್ಟು, ಅದನ್ನೂ ಕ್ಯಾಮೆರಾವನ್ನೂ ಇನ್ವರ್ಟರಿಗೆ ಸೇರಿಸಿದ. ಕರೆಂಟು ಹೋದರೂ ಬೆಳಕು ಕದಲಬಾರದು. ಆಮೇಲೆ ಶಶಿಕಲಾಳ ತಲೆಯಿಂದ ಒಂದು ಕೂದಲು ಕೇಳಿ ಪಡೆದು ಬಿದಿರಿನ ಮೇಲೆ ಇಟ್ಟ. ಕಪ್ಪಿನ ಮೇಲೆ ಕಪ್ಪು ಕೂದಲು ಬೆಳ್ಳಿಯ ತಂತಿಯಂತೆ ಹೊಳೆಯಿತು.

"ಅಪ್ಪ!" ಎಂದಳು ಉಮಾಶ್ರೀ. ಅಪ್ಪ ಇಪ್ಪತ್ತು ವರ್ಷದಿಂದ ಏನು ಕೆಲಸ ಮಾಡುತ್ತಿದ್ದಾನೆಂದು ಅವಳಿಗೆ ಅಂದು ಕಂಡಂತಾಯಿತು.

ಶನಿವಾರ ಬೆಳಿಗ್ಗೆ ಅಜ್ಜಿ ಕೈ ತೊಳೆದು ಬಂದು ಹುಳ ಆರಿಸಲು ಕೂತಳು. ಒಂದೊಂದನ್ನೂ ಅಂಗೈಯಲ್ಲಿಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡಿದಳು. ತಿನ್ನುವುದನ್ನು ಬಿಟ್ಟ ಹುಳ ಬೆಳಕಿಗೆ ಹಿಡಿದರೆ ದ್ರಾಕ್ಷಿ ಹಣ್ಣಿನಂತೆ ಒಳಗೆಲ್ಲ ಕಾಣುತ್ತಿತ್ತು.

"ಇದು ಹಣ್ಣಾಗದೆ. ಇದನ್ನ ಬುಡು" ಎಂದು ಒಂದನ್ನು ಕೊಟ್ಟಳು. "ಮೊದ್ಲು ಹೊಟ್ಟೆ ಖಾಲಿ ಮಾಡ್ಕತದೆ. ಆಮ್ಯಾಕೆ ಶುರು."

ಅವಳು ಹೇಳಿದಂತೆಯೇ ಆಯಿತು. ಹತ್ತು ಗಂಟೆಗೆ ಹುಳ ಬಿದಿರಿನ ಎರಡು ಸುತ್ತುಗಳ ನಡುವೆ ನಿಂತು, ತಲೆಯೆತ್ತಿ, ಗಾಳಿಯಲ್ಲಿ ಏನನ್ನೋ ಹುಡುಕುವಂತೆ ಆ ಕಡೆ ಈ ಕಡೆ ತೂಗಿತು. ಉಮಾಶ್ರೀ ಮೊದಲನೆಯ ಸಲ ಒತ್ತಿದಳು.

ಮಿಷನ್ ತುಳಿದರೆ ನೆಲ ನಡುಗುತ್ತದೆಂದು ಶಶಿಕಲಾ ಹೊಲಿಗೆ ನಿಲ್ಲಿಸಿದಳು. ಬಾಕಿಯಿದ್ದ ಬ್ಲೌಸುಗಳಿಗೆಲ್ಲ ಕೈಯಲ್ಲೇ ಹುಕ್ಸು ಹಾಕುತ್ತ, ಸೀರೆಗಳಿಗೆ ಫಾಲು ಹೊಲಿಯುತ್ತ ಕ್ಯಾಮೆರಾದ ಪಕ್ಕ ಕೂತಳು. ಸೀಮೆಎಣ್ಣೆಯ ಹೊಗೆ ಹುಳಕ್ಕಾಗದು ಎಂದು ವೆಂಕಟಲಕ್ಷ್ಮಮ್ಮ ಯಾರೂ ಹೇಳುವ ಮೊದಲೇ ಸ್ಟೌ ಆರಿಸಿ ಬಂದಿದ್ದಳು. ಮಧ್ಯಾಹ್ನ ಶಶಿಕಲಾ ಎರಡು ಕ್ಲಿಕ್ಕುಗಳ ನಡುವೆ ಎದ್ದು ಹೋಗಿ, ಅನ್ನಕ್ಕೆ ಬಸ್ಸಾರು ಬಡಿಸಿ ಅತ್ತೆಯ ಮುಂದೆ ತಟ್ಟೆ ಇಟ್ಟಳು. ಮುದುಕಿ ಕಲಸಿ ಉಂಡಳು. ಎರಡನೇ ಸಲ ಸಾರು ಹಾಕಿಸಿಕೊಂಡಳು.

"ಅಗೋ, ಅತ್ತೆ, ಕಾಲಿಗೆ ಏನೋ ಕಟ್ಕೊಳ್ತಾ ಇದೆ" ಎಂದಳು ಶಶಿಕಲಾ ಒಂದು ಸಲ.

"ಅದು ಕಾಲಿಗಲ್ಲ ಕಣೇ. ಮೊದ್ಲು ಸುತ್ತ ಹಗ್ಗ ಬಿಗೀತದೆ. ಚಪ್ಪರಕ್ಕೆ ಕಂಬ ನೆಟ್ಟಂಗೆ."

"ಬಾಯಿಂದ್ಲೇ ಬರುತ್ತಾ ನೂಲು?"

"ತುಟಿ ಕೆಳಗೆ ಸಣ್ಣ ತೂತು ಅದೆಯಂತೆ. ನಾನೂ ನೋಡಿಲ್ಲ."

"ನಲವತ್ತು ವರ್ಷ ಸಾಕಿದೀನಿ ಅಂದ್ರಿ?"

ವೆಂಕಟಲಕ್ಷ್ಮಮ್ಮ ಹೇಳಿದಳು. "ಒಂದು ಸಲಕ್ಕೆ ಇಪ್ಪತ್ತು ಸಾವ್ರ ಹುಳ ಇರೋವು. ಸೊಪ್ಪು ಕೊಯ್ಯೋದು, ಹಾಕೋದು, ಹಿಕ್ಕೆ ಬಳಿಯೋದು. ಹಣ್ಣಾದ್ವು ಅಂದ್ರೆ ಆರ್ಸಿ ಚಂದ್ರಿಕೆಗೆ ಬುಡೋದು. ಒಂದು ಹುಳದ ಮುಂದೆ ಹಿಂಗೆ ಕೂತ್ಕಂಡು ಮುಖ ನೋಡಕ್ಕೆ ಪುರುಸೊತ್ತು ಎಲ್ಲಿತ್ತವ್ವ?"

ಸಂಜೆಯ ಹೊತ್ತಿಗೆ ಹುಳದ ಸುತ್ತ ಮಂಜಿನಂಥ ಪರದೆ ಎದ್ದಿತ್ತು. ಅದರೊಳಗೆ ಹುಳದ ತಲೆ ಎಂಟು ಬರೆದಂತೆ ಆಡುತ್ತಲೇ ಇತ್ತು. ಒಂದು ಕ್ಷಣವೂ ನಿಂತಿರಲಿಲ್ಲ. ಪಾಳಿ ಮುಗಿದವರೂ ಎದ್ದು ಹೋಗಲಿಲ್ಲ. ಬ್ಲೌಸ್ ಕೇಳಲು ಬಂದ ಅಕ್ಕಯ್ಯಮ್ಮ "ಇದೇನು ಎಲ್ಲರೂ ಕತ್ಲಲ್ಲಿ?" ಎಂದು ಒಳಗೆ ಇಣುಕಿ, ತಾನೂ ಚಾಪೆಯ ತುದಿಯಲ್ಲಿ ಕೂತು, ಎಂಟು ಗಂಟೆಗೆ ಎದ್ದಳು. ಬ್ಲೌಸ್ ಮರೆತೇ ಹೋದಳು.

ರಾತ್ರಿಯ ಪಾಳಿಯನ್ನು ಅಪ್ಪ ಮಗಳು ಹಂಚಿಕೊಂಡರು. ಬೆಳಗಿನ ಜಾವ ಉಮಾಶ್ರೀಯ ಸರದಿ. ಅವಳು ಕಣ್ಣು ಬಿಟ್ಟಾಗ ಆರು ಗಂಟೆಗೆ ಐದು ನಿಮಿಷ ಇತ್ತು. ಗೋಡೆಗೆ ಒರಗಿದ್ದವಳಿಗೆ ಯಾವಾಗ ನಿದ್ದೆ ಹತ್ತಿತ್ತೋ ಗೊತ್ತಿಲ್ಲ. ಎಲ್ಲ ಹೋಯಿತು ಎಂದುಕೊಂಡು ಎದ್ದರೆ, ಕ್ಯಾಮೆರಾದ ಪಕ್ಕ ಸ್ಟೂಲಿನ ಮೇಲೆ ಅಜ್ಜಿ ಕೂತಿದ್ದಳು. ಕೈಯಲ್ಲಿ ತುಳಸಿಮಣಿ ಸರ. ತುಟಿ ಆಡುತ್ತಿತ್ತು. ಸರ ಒಂದು ಸುತ್ತು ಮುಗಿಯಿತು. ಅವಳು ಬೆರಳಿನಿಂದ ತಡವಿ ಗುಂಡಿ ಹುಡುಕಿ ಒತ್ತಿ, ಕೈಯನ್ನು ತಟ್ಟನೆ ಮಡಿಲಿಗೆ ತೆಗೆದುಕೊಂಡಳು. ಕ್ಯಾಮೆರಾ ಎರಡು ಸೆಕೆಂಡು ಮಿನುಗಿ ಕ್ಲಿಕ್ ಎಂದಿತು.

"ಅಜ್ಜಿ! ಎಷ್ಟೊತ್ತಿಂದ ಒತ್ತುತಾ ಇದೀಯಾ? ಎಬ್ಬಿಸ್ಬಾರ್ದಾ?"

"ಸುಮ್ಕಿರು. ಲೆಕ್ಕ ತಪ್ತದೆ."

"ಗಡಿಯಾರ ನಿಂಗೆ ಕಾಣಲ್ವಲ್ಲ?"

"ಗೋವಿಂದ ಗೋವಿಂದ ಅಂತ ನೂರೆಂಟು ಅಂದ್ರೆ ಎರಡು ನಿಮಿಷ ಆಗ್ತದೆ ಅಂತ ನಿಮ್ಮಪ್ಪ ನಿನ್ನೆ ಗಡಿಯಾರ ಹಿಡಿದು ನೋಡಿ ಹೇಳ್ದ. ಮನಿಕ್ಕೊ."

ಉಮಾಶ್ರೀ ಫೋಟೋಗಳ ಸಮಯ ನೋಡಿದಳು. ನಾಲ್ಕೂ ಕಾಲಿನಿಂದ ಈಚಿನವು ಅಜ್ಜಿ ಒತ್ತಿದವು, ಒಂದೂ ತಪ್ಪಿರಲಿಲ್ಲ. ಒಂದು ಐದು ಸೆಕೆಂಡು ಹಿಂದೆ, ಒಂದು ಏಳು ಸೆಕೆಂಡು ಮುಂದೆ, ಅಷ್ಟೇ. ಅವಳು ಮತ್ತೆ ಮಲಗಲಿಲ್ಲ. ಅಜ್ಜಿಯ ಕಾಲ ಬಳಿ ಬಂದು ಕೂತಳು.

ಭಾನುವಾರ ಶ್ಯಾಮಸುಂದರ ರೋಲ್ ಕ್ಯಾಮೆರಾ ಹೊತ್ತು ನಾಮಕರಣಕ್ಕೆ ಹೋದ. ಹುಡುಗರು "ಏನ್ ಗುರು, ಇನ್ನೂ ರೀಲಾ?" ಎಂದು ನಕ್ಕರಂತೆ. ಮಗುವಿನ ತಾತ ಮಾತ್ರ, ಫೋಟೋ ಕೈಗೆ ಸಿಗುತ್ತೆ ಬಿಡಿ ಎಂದರಂತೆ. ಹನ್ನೊಂದು ಗಂಟೆಗೆಲ್ಲ ಅವನು ಊಟವನ್ನೂ ಮಾಡದೆ ಓಡಿ ಬಂದ. ಅಷ್ಟರಲ್ಲಿ ಗೂಡಿನ ಗೋಡೆ ದಪ್ಪವಾಗಿ, ಹುಳ ಬರೀ ನೆರಳಾಗಿತ್ತು. ನೆರಳು ಒಂದು ಕಡೆ ಬಾಗುತ್ತಿತ್ತು, ಇನ್ನೊಂದು ಕಡೆ ಬಾಗುತ್ತಿತ್ತು. ಮೂರೂವರೆಗೆ ಶಶಿಕಲಾಳ ಸರದಿ. ಅವಳು ಒತ್ತಿ, ಕಣ್ಣು ಕಿರಿದು ಮಾಡಿ ನೋಡಿದಳು. ಮತ್ತೆ ನೋಡಿದಳು.

"ಅತ್ತೆ, ಬನ್ನಿ" ಎಂದಳು ಮೆಲ್ಲಗೆ. "ಒಳಗೆ ಹೋಗ್ಬಿಡ್ತು. ಇನ್ನು ಕಾಣಲ್ಲ."

ನಾಲ್ಕೂ ಜನ ನಿಂತು ನೋಡಿದರು. ಕಪ್ಪು ವೆಲ್ವೆಟ್ಟಿನ ಮುಂದೆ ಕಡಲೆಕಾಯಿಯಷ್ಟು ದೊಡ್ಡ ಬಿಳಿಯ ಗೂಡೊಂದು ತೂಗುತ್ತಿತ್ತು. ನಾಲ್ಕು ಗಂಟೆಗೆ ಉಮಾಶ್ರೀ ಕೊನೆಯ ಫೋಟೋ ತೆಗೆದಳು. ಶ್ಯಾಮಸುಂದರ ಕಿಟಕಿಯ ಕಂಬಳಿ ಬಿಚ್ಚಿದಾಗ ಎಲ್ಲರೂ ಬೆಳಕಿಗೆ ಕಣ್ಣು ಮುಚ್ಚಿಕೊಂಡರು.

ಮಂಗಳವಾರ ಮಧ್ಯಾಹ್ನ ಸ್ಟುಡಿಯೋದ ಶೆಟರನ್ನು ಅರ್ಧ ಎಳೆದು ನಾಲ್ಕೂ ಜನ ಒಳಗೆ ಕೂತರು. ಶ್ಯಾಮಸುಂದರ ಮದುವೆ ವಿಡಿಯೋ ಜೋಡಿಸುವ ಕಂಪ್ಯೂಟರಿನಲ್ಲಿ ಒಂಬೈನೂರು ಫೋಟೋಗಳನ್ನೂ ಸಾಲಾಗಿ ಇಟ್ಟಿದ್ದ. ಸೆಕೆಂಡಿಗೆ ಎಷ್ಟು ಫೋಟೋ ಎನ್ನುವುದಕ್ಕೆ ಅಪ್ಪನಿಗೂ ಮಗಳಿಗೂ ಬೆಳಿಗ್ಗೆ ಚರ್ಚೆಯಾಗಿತ್ತು. ಇಪ್ಪತ್ತೈದು ಹಾಕಿದರೆ ನುಣುಪಾಗಿ ಬರುತ್ತದೆ ಎಂದು ಅವನು. ಅಷ್ಟು ಬೇಗ ಓಡಿದರೆ ಅಜ್ಜಿಯ ಕಣ್ಣಿಗೆ ಏನೂ ಸಿಗುವುದಿಲ್ಲ ಎಂದು ಅವಳು. ಹನ್ನೆರಡಕ್ಕೆ ಒಪ್ಪಿದ್ದರು. ಎಪ್ಪತ್ತೈದು ಸೆಕೆಂಡು.

ಅಜ್ಜಿಯನ್ನು ಪರದೆಗೆ ಒಂದು ಗೇಣು ದೂರದಲ್ಲಿ ಕೂರಿಸಿ ಅವನು ಗುಂಡಿ ಒತ್ತಿದ.

ಕತ್ತಲಲ್ಲಿ ಹುಳ ಎದ್ದು ನಿಂತಿತು. ತಲೆ ತೂಗಿತು. ಇದ್ದಕ್ಕಿದ್ದಂತೆ ಬಿದಿರಿನಿಂದ ಬಿದಿರಿಗೆ ಬೆಳಕಿನ ಗೆರೆಗಳು ಎಳೆದುಕೊಳ್ಳತೊಡಗಿದವು. ಒಂದು, ಹತ್ತು, ನೂರು. ಗೆರೆಗಳ ನಡುವೆ ಹುಳ ತಿರುಗಿತು, ಮಗುಚಿತು, ತನ್ನ ಸುತ್ತ ತಾನೇ ಬೆಳಕು ಸುತ್ತಿಕೊಂಡಿತು. ಮಂಜು ದಟ್ಟವಾಯಿತು. ಮಂಜಿನೊಳಗೆ ಅದರ ತಲೆ ಮಗ್ಗದ ಲಾಳಿಯಂತೆ ಓಡಿತು. ಗೂಡಿಗೆ ಮೊದಲು ಸೊಂಟ ಬಂತು, ಆಮೇಲೆ ತುದಿಗಳು ಬಂದವು. ಹುಳ ನೆರಳಾಯಿತು. ನೆರಳು ತೆಳುವಾಯಿತು. ಬಿಳಿ ಉಳಿಯಿತು.

ಹೊರಗೆ ಬಸ್ಸೊಂದು ಹಾರನ್ ಹೊಡೆದುಕೊಂಡು ಹೋಯಿತು.

"ನಾನೂ ಫಾಲು ಹಾಕ್ತೀನಲ್ಲ" ಎಂದಳು ಶಶಿಕಲಾ ಕೊನೆಗೆ. ತನ್ನ ಸೀರೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದಳು.

ಶ್ಯಾಮಸುಂದರ ಕನ್ನಡಕ ತೆಗೆದು ಒರೆಸಿದ. "ಎಷ್ಟು ಮದುವೆ ತೆಗೆದಿದೀನಿ" ಎಂದ. "ಇಂಥದ್ದು ತೆಗೆದಿರ್ಲಿಲ್ಲ."

"ಅಜ್ಜಿ, ಕಾಣ್ತಾ?"

ವೆಂಕಟಲಕ್ಷ್ಮಮ್ಮ ಪರದೆಯ ಕಡೆ ಇನ್ನೂ ಬಾಗಿದಳು. "ಇನ್ನೊಂದ್ಸಲ ಹಾಕು ಶಾಮ" ಎಂದಳು.

ಅವನು ಮೊದಲಿಗೆ ಹೋಗಲೆಂದು ಮೌಸಿನಿಂದ ಪಟ್ಟಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದ. ಪರದೆಯ ಮೇಲೆ ಬಿಳಿ ಗೂಡು ತೆಳುವಾಯಿತು. ಒಳಗೆ ನೆರಳು ಮೂಡಿತು. ನೆರಳಿಗೆ ಮೈ ಬಂತು. ಎಳೆ ಎಳೆಯಾಗಿ ನೂಲು ಬಿಚ್ಚಿಕೊಳ್ಳುತ್ತ ಹುಳದ ಬಾಯೊಳಕ್ಕೇ ಹೋಗುತ್ತಿತ್ತು.

"ಏನದು? ಏನ್ಮಾಡ್ದೆ?" ಎಂದು ಮುದುಕಿ ಅವನ ಕೈ ಹಿಡಿದಳು.

"ಏನಿಲ್ಲವ್ವ, ಹಿಂದಕ್ಕೆ ಓಡಿಸ್ತಾ ಇದೀನಿ."

"ಬುಡಬ್ಯಾಡ. ಹಂಗೇ ಓಡ್ಸು. ಕೊನೇಯಿಂದ ಪೂರ್ತಿ ಹಿಂದಕ್ಕೆ ಓಡ್ಸು."

ಅವನು ಹಾಗೆಯೇ ಮಾಡಿದ. ಎಪ್ಪತ್ತೈದು ಸೆಕೆಂಡು ಗೂಡು ಬಿಚ್ಚಿಕೊಂಡಿತು. ವೆಂಕಟಲಕ್ಷ್ಮಮ್ಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ಯಾಕವ್ವ?" ಎಂದ ಶ್ಯಾಮಸುಂದರ ಗಾಬರಿಯಿಂದ.

"ನಿಮ್ಮಪ್ಪನ್ನ ಮದುವೆ ಆಗೋಕೆ ಮುಂಚೆ ನಾನು ನೂಲು ಬಿಚ್ಚೋರ ಮನೇಲಿ ಕೂಲಿಗೆ ಹೋಗ್ತಿದ್ದೆ. ನಿಂಗೆ ಹೇಳಿಲ್ಲ. ಹನ್ನೊಂದು ವರ್ಷದೋಳು. ಗೂಡನ್ನ ಕುದಿಯೋ ನೀರಿಗೆ ಹಾಕಿ ಎಳೆ ಎತ್ಬೇಕು. ಬೆರಳೆಲ್ಲ ಬೆಂದೋಗೋದು. ನೂಲು ಪೂರ್ತಿ ಬಿಚ್ಚಿದ ಮೇಲೆ ಒಳಗೆ ಹುಳ ಇರೋದು. ಕಪ್ಪಗೆ, ಬೆಂದು. ಅದನ್ನ ಬುಟ್ಟಿಗೆ ಹಾಕೋದು. ದಿನಾ ಬುಟ್ಟಿಗಟ್ಲೆ." ಅವಳು ಪರದೆಯ ಕಡೆ ಕೈ ತೋರಿಸಿದಳು. "ನೂಲು ಬಿಚ್ಚಿದ್ರೆ ಹುಳ ಸತ್ತಿರ್ತದೆ ಅಂತಲೇ ನಂಗೆ ಗೊತ್ತಿದ್ದಿದ್ದು. ಬಿಚ್ಚಿದ ಮೇಲೂ ಜೀವ ಇರೋದನ್ನ ನೋಡ್ದೋಳೇ ಅಲ್ಲ."

ಶಶಿಕಲಾ ಅತ್ತೆಯ ಕೈಯನ್ನು ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳ ತುದಿಗಳನ್ನು ಒಂದೊಂದಾಗಿ ನೋಡಿದಳು. ಅತ್ತೆ ಊರು ಬಿಟ್ಟು ಬಂದು ಎಂಟು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ಆ ನುಣುಪಾದ, ರೇಖೆಯೇ ಇಲ್ಲದ ಚರ್ಮವನ್ನು ಅವಳು ನೋಡಿರಲಿಲ್ಲ.

"ಅಪ್ಪ, ಹಿಂದಕ್ಕೆ ಹೋಗೋದನ್ನೂ ಸೇರ್ಸಿ ಹಾಕೋಣ" ಎಂದಳು ಉಮಾಶ್ರೀ. "ಮುಂದಕ್ಕೊಂದ್ಸಲ, ಹಿಂದಕ್ಕೊಂದ್ಸಲ."

"ನಿಮ್ಮ ಮೇಡಂ ಒಪ್ತಾರಾ? ಹಿಂಗೆಲ್ಲ ಆಗಲ್ಲ ಅಂತಾರೆ."

"ಸೆಮಿನಾರಿಗೆ ಮುಂದಕ್ಕೆ ಹೋಗೋದು ತೋರಿಸ್ತೀನಿ. ನೆಟ್ಟಿಗೆ ಎರಡೂ."

"ಇನ್ನೊಂದ್ಸಲ ಹಿಂದಕ್ಕೆ ಹಾಕು ಶಾಮ" ಎಂದಳು ವೆಂಕಟಲಕ್ಷ್ಮಮ್ಮ.

ಅವನು ಹಾಕಿದ. ಬಿಳಿ ಕರಗಿತು, ನೆರಳು ಮೈಯಾಯಿತು, ಬೆಳಕಿನ ಗೆರೆಗಳು ಒಂದೊಂದಾಗಿ ಕಳಚಿಕೊಂಡು ಬಂದವು. ಕೊನೆಯ ಎಳೆಯೂ ಹೋದಾಗ ಕಪ್ಪಿನ ಮುಂದೆ ಹುಳ ತಲೆಯೆತ್ತಿ ಇಡಿಯಾಗಿ ನಿಂತಿತ್ತು.

"ಸಾಕು, ಅಲ್ಲೇ ನಿಲ್ಸು" ಎಂದಳು ಅವಳು.

ಶ್ಯಾಮಸುಂದರ ಮೌಸಿನಿಂದ ಕೈ ತೆಗೆದ.